ದಂಡನಾಯಕ ನಿಲ್ಲಿಸಿದ ಗೊಮ್ಮಟ

ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಸಿದವನು ದಂಡನಾಯಕ. ಗಂಗರ ಮಂತ್ರಿ ಚಾವುಂಡರಾಯ ಕದನಗಳಲ್ಲಿ ಗೆದ್ದು ‘ಸಮರಧುರಂಧರ’, ‘ವೀರಮಾರ್ತಂಡ’ ಎಂಬ ಬಿರುದು ಹೊತ್ತವನು. ಅಂಥವನು 981ರ ಸುಮಾರಿಗೆ, ಅಣ್ಣನನ್ನು ಗೆದ್ದೂ ರಾಜ್ಯ ಬಿಟ್ಟು ನಡೆದ ಬಾಹುಬಲಿಯನ್ನು ಬೆಟ್ಟದ ಮೇಲೆ ನಿಲ್ಲಿಸಿದ. ಬಳ್ಳಿ ತೊಡೆಯಿಂದ ತೋಳಿಗೆ ಹಬ್ಬಿದೆ, ಕಾಲಬಳಿಯ ಹುತ್ತದಿಂದ ಹಾವು ಇಣುಕುತ್ತಿದೆ. ಅಹಿಂಸೆಯೇ ಪರಮಧರ್ಮವೆಂದ ಮತದಲ್ಲಿ ಕತ್ತಿಗೆ ಜಾಗ ಸಿಕ್ಕಿದ್ದು ಹೇಗೆ?

ಜೈನ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ಮುನಿಗೆ ಯಾವ ಹಿಂಸೆಯೂ ಸಲ್ಲದು. ಗೃಹಸ್ಥನಾದರೋ ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಪೂರ್ತಿ ಬಿಡಬೇಕು. ಮೇಲೆ ಬಿದ್ದವರನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆ ಅವನಿಗೆ ಅನಿವಾರ್ಯ. ಹಾಗೆಂದು ಅದು ಪುಣ್ಯವಾಗುವುದಿಲ್ಲ, ಕರ್ಮ ಅಂಟಿಯೇ ಅಂಟುತ್ತದೆ. ಈ ನಿಷ್ಠುರತೆ ದೊಡ್ಡದು.

ಆದರೆ ದಂಡೆತ್ತಿ ಹೋದ ಯಾವ ಅರಸ ತಾನೇ ಮೇಲೆ ಬಿದ್ದವನೆಂದು ಒಪ್ಪಿದ್ದಾನೆ? ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಕೂಗೆ ಬ್ರಹ್ಮದೇವರ ಕಂಬದ ಶಾಸನ ಗಂಗರ ಮಾರಸಿಂಹನ ಗೆಲುವುಗಳನ್ನು ಸಾಲುಸಾಲಾಗಿ ಹೊಗಳಿ, ಬಂಕಾಪುರದಲ್ಲಿ ಜೈನ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ, ಅಂದರೆ ಉಪವಾಸವ್ರತದಿಂದ, ಅವನು ದೇಹ ಬಿಟ್ಟದ್ದನ್ನೂ ಹೇಳುತ್ತದೆ. ರಾಷ್ಟ್ರಕೂಟ ಪ್ರಭುವಿಗಾಗಿ ಅವನು ಉತ್ತರಕ್ಕೆ ನಡೆಸಿದ ದಂಡಯಾತ್ರೆಯನ್ನು ಆತ್ಮರಕ್ಷಣೆ ಎನ್ನುವುದು ಕಷ್ಟ.

ಕಾರಣ ನ್ಯಾಯವೋ ಅಲ್ಲವೋ ಎಂದು ತೂಗುವವರು ಬಹಳ. ಸಾಯುವವರು ಯಾರು ಎಂಬ ಪ್ರಶ್ನೆ ಮಾತ್ರ ಹಿಂದೆ ಬೀಳುತ್ತದೆ. ಪಂಪ 941ರಲ್ಲಿ ರಚಿಸಿದ ‘ಆದಿಪುರಾಣ’ದ ಕಥೆಯಲ್ಲಿ ಅದನ್ನು ಮಂತ್ರಿಗಳು ಎತ್ತುತ್ತಾರೆ. ಜಗಳ ಅಣ್ಣತಮ್ಮಂದಿರದು, ಸೈನಿಕರು ಏಕೆ ಸಾಯಬೇಕು? ಅಣ್ಣ ಭರತ, ತಮ್ಮ ಬಾಹುಬಲಿ ಇಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಕ್ಕೆ ಇಳಿದರು. ಮೂರರಲ್ಲೂ ತಮ್ಮ ಗೆದ್ದ. ಎದುರುಬದುರು ನಿಂತಿದ್ದ ಸೇನೆಗಳು ಕಾದಲಿಲ್ಲ.