ಸಂಸ್ಥೆಯೊಂದು ಪಾಪನಿವೇದನೆ ಮಾಡಬಲ್ಲುದೆ?



ಮಗಳನ್ನು ಕಾಲೇಜಿಗೆ ಸೇರಿಸಲು ಓಡಾಡುತ್ತಿದ್ದ ತಾಯಿಯೊಬ್ಬರು ಭಾನುವಾರದ ಪೂಜೆಯ ನಂತರ ನನ್ನನ್ನು ನಿಲ್ಲಿಸಿ, "ಯಾವ ಸಂಸ್ಥೆಯನ್ನು ನಂಬೋದು ಫಾದರ್?" ಎಂದು ಕೇಳಿದರು. ಒಂದು ವಿಶ್ವವಿದ್ಯಾಲಯ ಒಮ್ಮೆ ಕಳೆದುಕೊಂಡ ನಂಬಿಕೆಯನ್ನು ಮತ್ತೆ ಗಳಿಸಬಹುದೇ ಎಂದು ಯೋಚಿಸಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಧರ್ಮಸಭೆಗೇ ಸೇರಿದ, ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ.

1838ರಲ್ಲಿ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು ತಮ್ಮ ಜಮೀನುಗಳಲ್ಲಿ ದುಡಿಯುತ್ತಿದ್ದ 272 ಗುಲಾಮರನ್ನು ಲೂಯಿಸಿಯಾನದ ತೋಟದ ಮಾಲೀಕರಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಗಂಡಸರು, ಹೆಂಗಸರು, ಹಸುಗೂಸುಗಳು. ಅವರಲ್ಲಿ ಬಹುಮಂದಿ ಜ್ಞಾನಸ್ನಾನ ಪಡೆದ ಕಥೋಲಿಕರೆಂದು ಬರೆಯುವಾಗ ನನ್ನ ಕೈ ತಡೆಯುತ್ತದೆ. ಕುಟುಂಬಗಳನ್ನು ಅಗಲಿಸಬಾರದು, ಆ ಹಣದಿಂದ ಸಾಲ ತೀರಿಸಬಾರದು ಎಂದು ರೋಮಿನಿಂದ ಷರತ್ತು ಬಂದಿತ್ತು. ಎರಡನ್ನೂ ಮುರಿದರು. ಹಣದ ಒಂದು ಭಾಗ ಕಾಲೇಜಿನ ಸಾಲಕ್ಕೆ ಹೋಯಿತು. ಮಾರಾಟ ಕುದುರಿಸಿದ ಫಾದರ್ ಮಲೆಡಿಯವರ ಹೆಸರನ್ನು ಕಟ್ಟಡವೊಂದಕ್ಕೆ ಇಟ್ಟರು.

2017ರ ಏಪ್ರಿಲ್ 18ರಂದು ಆ ಗುಲಾಮರ ವಂಶಸ್ಥರ ಎದುರು ವಿಶ್ವವಿದ್ಯಾಲಯವೂ ಯೇಸುಸಭೆಯೂ ಬಹಿರಂಗವಾಗಿ ಕ್ಷಮೆ ಕೇಳಿದವು. ಅದೇ ಕಟ್ಟಡಕ್ಕೆ, ಮಾರಾಟದ ಪಟ್ಟಿಯಲ್ಲಿ ಮೊದಲನೆಯವನಾಗಿದ್ದ ಐಸಾಕ್‌ನ ಹೆಸರು ಬಂದಿತು.

ಇಲ್ಲೊಂದು ತೊಡಕಿದೆ. ಸತ್ತವರ ಪಾಪವನ್ನು ಬದುಕಿರುವವರು ನಿವೇದಿಸಲಾದೀತೆ? ಪಾಪ ಮಾಡಿದವನೇ ಪಶ್ಚಾತ್ತಾಪ ಪಡಬೇಕೆಂದು ಗುರುಮಠದಲ್ಲಿ ನಮಗೆ ಕಲಿಸಿದ್ದರು. ಸರಿಯೇ. ಆದರೆ ಅಪ್ಪನ ಮನೆ, ತೋಟ ಎಲ್ಲವನ್ನೂ ಬರೆಸಿಕೊಂಡ ಮಗ, ಅಪ್ಪನ ಸಾಲ ಮಾತ್ರ ತನ್ನದಲ್ಲ ಎಂದರೆ ಊರವರು ಏನೆಂದಾರು? 1789ರಲ್ಲಿ ಸ್ಥಾಪನೆಯಾದೆನೆಂದು ಹೆಮ್ಮೆಪಡುವ ಸಂಸ್ಥೆಗೆ 1838 ಕೂಡ ತನ್ನದೇ.

ಇನ್ನು ಪ್ರಾಯಶ್ಚಿತ್ತ. ಜಕ್ಕಾಯ ಬರಿಯ ಮಾತಿನಲ್ಲಿ ಮುಗಿಸಲಿಲ್ಲ. ಮೋಸದಿಂದ ಪಡೆದದ್ದರ ನಾಲ್ಕರಷ್ಟನ್ನು ಹಿಂದಿರುಗಿಸುತ್ತೇನೆಂದ. 2019ರಲ್ಲಿ ಜಾರ್ಜ್‌ಟೌನಿನ ವಿದ್ಯಾರ್ಥಿಗಳು ವಂಶಸ್ಥರ ನೆರವಿಗಾಗಿ ಪ್ರತಿ ಸೆಮಿಸ್ಟರಿಗೆ 27 ಡಾಲರ್ 20 ಸೆಂಟ್ ಹೆಚ್ಚುವರಿ ಶುಲ್ಕ ಕೊಡಲು ಸಿದ್ಧವೆಂದು ಮತ ಹಾಕಿದರು. ಆ ಮೊತ್ತ 272ರ ನೆನಪಿಗೆ. ಮತ ಹಾಕಿದ ಮೂವರಲ್ಲಿ ಇಬ್ಬರು ಒಪ್ಪಿದ್ದರು. ವಿಶ್ವವಿದ್ಯಾಲಯ ಮಾತ್ರ ಅದನ್ನು ಶುಲ್ಕವಾಗಿಸದೆ, ದೇಣಿಗೆಯಿಂದ ಹಣ ಕೂಡಿಸುತ್ತೇವೆಂದಿತು. ದೇಣಿಗೆ ಮನಸ್ಸಿದ್ದವರು ಕೊಡುವುದು, ಸಾಲ ಕೊಡಲೇಬೇಕಾದದ್ದು. ಹಿರಿಯರು ಅಲ್ಲಿ ಹಿಂಜರಿದರೆಂದೇ ನನ್ನ ಅನಿಸಿಕೆ.

ಆ ತಾಯಿಗೆ ನಾನು ಹೇಳಿದ್ದು: "ಕಾಲೇಜಿನವರನ್ನೇ ಕೇಳಿ ನೋಡಿ, ಹಿಂದೆ ಎಲ್ಲಿ ತಪ್ಪಿದ್ದೀರಿ, ತಪ್ಪಿದಾಗ ಏನು ಮಾಡಿದಿರಿ ಅಂತ."

ಅವರು ನಕ್ಕರು. "ಹಾಗೆ ಕೇಳಿದರೆ ಸೀಟು ಕೊಡ್ತಾರಾ ಫಾದರ್?"