ಅವರು ಅವರೇನಾ?

ಕಳೆದ ವಾರ ಒಬ್ಬ ಸಹೋದರಿ ಅಳುತ್ತಾ ಕೇಳಿದ್ರು: "ಪಾಸ್ಟರ್, ನಮ್ಮ ಯಜಮಾನರಿಗೆ ಮರೆವಿನ ಕಾಯಿಲೆ. ನನ್ನನ್ನೇ ನೀನ್ಯಾರು ಅಂತಾರೆ. ನಾನು ಮದುವೆಯಾದ ಮನುಷ್ಯ ಇವರೇನಾ?"

ಇಂಗ್ಲೆಂಡಿನಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಅಂತ ಒಂದು ಸ್ಟೀಮ್ ಇಂಜಿನ್ ಇದೆ. 1923ರಲ್ಲಿ ಡಾನ್‌ಕಾಸ್ಟರ್ ಕಾರ್ಖಾನೆಯಲ್ಲಿ ತಯಾರಾಯ್ತು. ಬಾಯ್ಲರ್ ರಿಪೇರಿಗೆ ತುಂಬಾ ದಿನ ಹಿಡಿಯುತ್ತಿತ್ತು. ಅದಕ್ಕೇ ಸಿದ್ಧವಾಗಿದ್ದ ಬೇರೆ ಬಾಯ್ಲರ್ ಕೂರಿಸಿ ಕಳಿಸ್ತಿದ್ರು. ಇದರದ್ದು ಇನ್ನೊಂದು ಇಂಜಿನ್‌ಗೆ ಹೋಗ್ತಿತ್ತು. ನಂಬರೂ ನಿಲ್ಲಲಿಲ್ಲ: 1472, 4472, 502, 103, 60103. ಚೌಕಟ್ಟು ಉಳೀತು, ಅದಕ್ಕೂ ರಿಪೇರಿ ಆಯ್ತು. ಆದರೂ 2016ರಲ್ಲಿ ಪುನಃ ಹಳಿಗೆ ಬಂದಾಗ, ಅದೇ ಇಂಜಿನ್ ಅಂತಾನೇ ಜನ ನೋಡೋಕೆ ಬಂದ್ರು.

ಅದೇ ಅಂತ ಹೇಗೆ ಹೇಳ್ತಾರೆ? ಪ್ರತಿ ಇಂಜಿನ್‌ಗೂ ಒಂದು ದಾಖಲೆ ಕಾರ್ಡ್ ಇತ್ತು. ಯಾವಾಗ ಏನು ಬದಲಾಯ್ತು ಅಂತ ರೈಲ್ವೆಯವರು ಬರೆದಿಡ್ತಿದ್ರು. ಇಂಜಿನ್ ತನ್ನ ಗುರುತು ತಾನು ಕಾಯಲಿಲ್ಲ, ಮಾಡಿದವರು ಕಾದರು.

ಸಹೋದರಿಯೇ, ನಿಮ್ಮ ಯಜಮಾನರು ತಮ್ಮ ಹೆಸರನ್ನೇ ಮರೆಯಬಹುದು. ಅವರನ್ನು ಉಂಟುಮಾಡಿದಾತನು ಮರೆಯುವದಿಲ್ಲ. ಮನೆಗೆ ಹೋಗಿ ಯೆಶಾಯ 49:15 ಓದಿರಿ. ಅವರ ನೆನಪು ಹೋದರೂ ಜೀವಬಾಧ್ಯರ ಪುಸ್ತಕದಲ್ಲಿ ಅವರ ಹೆಸರು ಹಾಗೇ ಇದೆ. ಇವತ್ತು ರಾತ್ರಿ ಊಟ ಬಡಿಸುವಾಗ ಎಂದಿನ ಹಾಗೇ "ರೀ, ಬನ್ನಿ" ಅಂತ ಕರೀರಿ. ಅವರು ಅವರೇ. ಆಮೆನ್.