ಎಂಜಿನ್ ತಣ್ಣಗಾಗಲಿ

ನನ್ನ ಹಳೇ ಆಕ್ಟೇವಿಯಾ ಆರ್‌ಎಸ್ ನಿಮಗೆಲ್ಲಾ ಗೊತ್ತು. 1.8 ಲೀಟರ್ ಟರ್ಬೊ, ಓಡಿರೋದು ಒಂದೂವರೆ ಲಕ್ಷ ಕಿಲೋಮೀಟರ್ ಮೇಲೆ. ಜೋರಾಗಿ ಒತ್ತಿದ್ರೆ ಮುಗ್ಗರಿಸ್ತಿತ್ತು. ಶನಿವಾರ ಮನೆಯಲ್ಲೇ ಪ್ಲಗ್ ಬದಲಾಯಿಸೋಣ ಅಂತ ಬಾನೆಟ್ ಎತ್ತಿದೆ. ಆಗಷ್ಟೇ ಓಡಿಸಿ ತಂದಿದ್ದೆ, ಬಿಸಿ ಮುಖಕ್ಕೆ ಹೊಡೀತು. ಕೈಯಲ್ಲಿದ್ದ ಸಾಕೆಟ್ ಕೆಳಗಿಟ್ಟೆ.

ಯಾಕೆ? ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಬಿಸಿಯಲ್ಲಿ ಬಿಚ್ಚಿದ್ರೆ ಹೆಡ್ಡಿನ ಥ್ರೆಡ್ಡೇ ಕಿತ್ತು ಬರಬಹುದು. ಸವೆದಿರೋದು ಪ್ಲಗ್, ಹಾಳಾಗೋದು ಹೆಡ್! ತಣ್ಣಗಾದ ಮೇಲೂ ಮೊದಲು ಗುಂಡಿಯ ಧೂಳು ಊದಿ ತೆಗೀಬೇಕು, ಇಲ್ಲಾಂದ್ರೆ ಸಿಲಿಂಡರ್ ಒಳಗೆ ಬೀಳುತ್ತೆ. ಹೊಸದನ್ನ ಕೈಯಿಂದಲೇ ತಿರುಗಿಸಿ ಕೂರಿಸಬೇಕು. ಕೊನೆಗೆ ಮಾತ್ರ ಟಾರ್ಕ್ ರೆಂಚ್, ಈ ಗಾಡಿಗೆ 30 ನ್ಯೂಟನ್ ಮೀಟರ್, ಅಷ್ಟೇ.

ಸುಮ್ಮನೆ ಕಾಯ್ತಾ ಕೂತಾಗ ಪವಿತ್ರಾತ್ಮನು ನನ್ನನ್ನು ಕೇಳಿದನು: ಕಾರಿಗೆ ಕೊಟ್ಟ ಈ ಹೊತ್ತನ್ನು ಆ ತಮ್ಮನಿಗೆ ಕೊಟ್ಟೆಯಾ?

ಮೂರು ತಿಂಗಳ ಹಿಂದೆ ವರ್ಷಿಪ್ ಟೀಮಿನ ಒಬ್ಬ ತಮ್ಮ ತಡವಾಗಿ ಬಂದ. ಎಲ್ಲರ ಮುಂದೆಯೇ ಗದರಿಸಿದೆ. ಹೇಳಿದ ವಿಷಯ ಸರಿಯೇ, ಪ್ರಿಯರೇ. ಆದರೆ ನಾನೂ ಬಿಸಿ, ಅವನೂ ಬಿಸಿ. ಕಿವಿ ಮೊದಲು, ಬಾಯಿ ಆಮೇಲೆ ಅನ್ನೋದನ್ನ ಯಾಕೋಬನ ಪತ್ರಿಕೆಯಿಂದ ನಾನೇ ನಿಮಗೆ ಕಲಿಸಿದ್ದೆ ನೋಡಿ! ನೈಟ್ ಶಿಫ್ಟ್ ಮುಗಿಸಿ ನಿದ್ದೆಯಿಲ್ಲದೆ ನೇರ ಬಂದಿದ್ದನಂತೆ. ನಾನು ಕೇಳಲೇ ಇಲ್ಲ. ಅವನು ಮತ್ತೆ ಬರಲಿಲ್ಲ.

ಶನಿವಾರ ಸಂಜೆ ಫೋನ್ ಮಾಡಿದೆ, ಎತ್ತಲಿಲ್ಲ. ಇವತ್ತು ಆರಾಧನೆ ಮುಗಿದ ಮೇಲೆ ಅವನ ಪಿಜಿಗೇ ಹೋಗ್ತೀನಿ. ಎದ್ದು ನಿಲ್ಲಿ, ಅವನಿಗಾಗಿಯೂ ನನಗಾಗಿಯೂ ಪ್ರಾರ್ಥಿಸೋಣ.